ಔಷಧಿ ಬರೆಯುವ ಮುನ್ನ ಕಂಪ್ಯೂಟರಿಗೆ ಏನೇನು ಹೇಳಬೇಕು

ನಾನು ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ವಾರ್ಡಿನಲ್ಲಿ ಡಾಕ್ಟರು ಕಂಪ್ಯೂಟರಿನಲ್ಲಿ ಬರೆದ ಔಷಧಿ ನನ್ನ ಸ್ಕ್ರೀನಿಗೆ ಬರುತ್ತದೆ. ಜಾಸ್ತಿ ಡೋಸ್, ಅಲರ್ಜಿ, ಒಂದಕ್ಕೊಂದು ಆಗದ ಔಷಧಿ, ಇವನ್ನೆಲ್ಲ ಸಾಫ್ಟ್‌ವೇರ್ ಹಿಡಿದು ಎಚ್ಚರಿಸುತ್ತದೆ. ಆದರೆ ನಾವು ಸರಿಯಾದ ಜಾಗದಲ್ಲಿ ತುಂಬಿದ್ದನ್ನಷ್ಟೇ ಅದು ಓದಬಲ್ಲದು. ಹೊಸದಾಗಿ ಡ್ಯೂಟಿಗೆ ಬರುವ ನರ್ಸ್‌ಗಳಿಗೂ ಡಾಕ್ಟರುಗಳಿಗೂ ನಾನು ಹೇಳಿಕೊಡುವುದು ಇದನ್ನೇ.

ಮೊದಲು ಅಲರ್ಜಿ. 'ಅಲರ್ಜಿ ಇದೆಯಾ?' ಎಂದರೆ ಬಹಳ ಜನ ಸುಮ್ನೆ 'ಇಲ್ಲ' ಎಂದುಬಿಡುತ್ತಾರೆ. 'ಅಜ್ಜಿ, ಯಾವುದಾದರೂ ಮಾತ್ರೆ ನುಂಗಿದಾಗ ಮೈಯೆಲ್ಲ ಗಂಧೆ ಎದ್ದಿತ್ತಾ? ತುಟಿ ಊದಿತ್ತಾ?' ಎಂದು ಕೇಳಿ. ಉತ್ತರವನ್ನು ಅಲರ್ಜಿಯ ಜಾಗದಲ್ಲೇ, ಪಟ್ಟಿಯಿಂದ ಔಷಧಿಯ ಹೆಸರು ಆರಿಸಿ ತುಂಬಿ. ನಮ್ಮಲ್ಲಿ ಒಮ್ಮೆ ಒಬ್ಬ ಅಜ್ಜಿಗೆ 'ಸಲ್ಫಾ ಆಗಲ್ಲ' ಎಂದು ಯಾರೋ ನೋಟ್ಸ್‌ನಲ್ಲಿ ಟೈಪ್ ಮಾಡಿದ್ದರು. ಎರಡು ದಿನ ಬಿಟ್ಟು ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಬರೆದಾಗ ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ. ಅದರಲ್ಲಿರುವುದು ಸಲ್ಫಾ. ನಾನೂ 'ತೊಂದರೆ ಇಲ್ಲ' ಎನ್ನುವ ಹಸಿರು ಗುರುತು ನೋಡಿ ಕಳಿಸಿಬಿಟ್ಟಿದ್ದೆ. ಮಾತ್ರೆ ಕೈಗೆ ಕೊಡುವ ಹೊತ್ತಿಗೆ ಅಜ್ಜಿಯ ಮಗಳು 'ಇದು ಸಲ್ಫಾ ಅಲ್ಲ ತಾನೇ ಸಿಸ್ಟರ್?' ಎಂದು ಕೇಳಿದ್ದಕ್ಕೆ ಅನಾಹುತ ತಪ್ಪಿತು. ಆ ದಿನ ನನಗೆ ಊಟ ಸೇರಲಿಲ್ಲ.

ಮಗುವಿನ ತೂಕವನ್ನು ಅಂದಾಜಿನಲ್ಲಿ ಹಾಕಬೇಡಿ, ತಕ್ಕಡಿಯ ಮೇಲೆ ನಿಲ್ಲಿಸಿ. 10 ಕೆ.ಜಿ. ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಒಂದು ಸಲಕ್ಕೆ 150 ಮಿ.ಗ್ರಾಂ. ಪ್ಯಾರಾಸಿಟಮಾಲ್. ಕಂಪ್ಯೂಟರ್ ಅಲ್ಲಿಯವರೆಗೆ ಸರಿಯಾಗಿ ಹೇಳುತ್ತದೆ. ಕೈಯಲ್ಲಿರುವ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ. ಇದ್ದರೆ 6 ಮಿ.ಲೀ., 250 ಇದ್ದರೆ 3 ಮಿ.ಲೀ. ಬಾಟಲಿಯ ಲೇಬಲ್ಲನ್ನು ನೀವೇ ಓದಬೇಕು. ದೊಡ್ಡವರಾದರೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ, ಯಾವ ದಿನದ್ದು ಅಂತ ನೋಡಿ. ಕಿಡ್ನಿ ತೀರಾ ಸೋತವರಿಗೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೊಡಬಾರದು. ಆದರೆ ಆರು ತಿಂಗಳ ಹಿಂದಿನ ರಿಪೋರ್ಟ್ ಇಟ್ಟುಕೊಂಡು ಕಂಪ್ಯೂಟರ್ ಅದನ್ನು ಹೇಗೆ ತಿಳಿಯಬೇಕು?

ಮನೆಯಿಂದ ತಂದ ಮಾತ್ರೆ ಚೀಲವನ್ನು ಮಂಚದ ಮೇಲೆ ಸುರಿಸಿ, ಒಂದೊಂದನ್ನೂ ದಾಖಲಿಸಿ. ಹಾರ್ಟ್ ವಾಲ್ವ್ ಆಪರೇಷನ್ ಆದವರಲ್ಲಿ ಬಹಳ ಜನ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ತಿರುತ್ತಾರೆ. ಭೇದಿಗೆಂದು ಮೆಟ್ರೊನಿಡಜೋಲ್ ಸೇರಿದರೆ ರಕ್ತ ಇನ್ನೂ ತೆಳುವಾಗಿ ರಕ್ತಸ್ರಾವ ಆಗಬಹುದು. ವಾರ್ಫರಿನ್ ದಾಖಲಾಗಿದ್ದರೆ ಮಾತ್ರ ಎಚ್ಚರಿಕೆ ಬರುತ್ತದೆ.

ಇನ್ನು ಎಚ್ಚರಿಕೆಗಳ ಕಾಟ. ದಿನಕ್ಕೆ ನೂರು ಸಲ ಬಂದರೆ ಯಾರ ಬೆರಳಾದರೂ ತಾನಾಗಿ 'ಓಕೆ' ಒತ್ತುತ್ತದೆ, ಅಲ್ವಾ? ಕೆಲಸಕ್ಕೆ ಬಾರದವು ಯಾವುವು ಅಂತ ಒಂದು ವಾರ ಬರೆದಿಡಿ. ಆ ಪಟ್ಟಿಯನ್ನು ಫಾರ್ಮಸಿಗೆ ಕೊಟ್ಟರೆ ಡಾಕ್ಟರುಗಳ ಜೊತೆ ಕೂತು ಕಡಿಮೆ ಮಾಡಿಸುತ್ತೇವೆ. ಕೆಂಪು ಎಚ್ಚರಿಕೆಯನ್ನು ದಾಟಲೇಬೇಕಾದರೆ ಕಾರಣದ ಜಾಗದಲ್ಲಿ ಚುಕ್ಕಿ ಒತ್ತಿ ಮುಂದೆ ಹೋಗಬೇಡಿ. 'ನಾಳೆ ಬೆಳಿಗ್ಗೆ ಐಎನ್‌ಆರ್ ನೋಡುತ್ತೇವೆ' ಎಂಬಂತೆ ಒಂದು ಸಾಲು ಬರೆಯಿರಿ (ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಪರೀಕ್ಷೆ). ರಾತ್ರಿ ಪಾಳಿಯವರು ಅದನ್ನೇ ನೋಡಿ ಐಎನ್‌ಆರ್‌ಗೆ ರಕ್ತ ಕಳಿಸುತ್ತಾರೆ.