ಅಯೆಂಡೆ ಚೂರಿನ ಬಿಳಿ ಅಂಚು ಉಳಿಸಿಕೊಂಡೆ

ಅಯೆಂಡೆ ಉಲ್ಕಾಶಿಲೆಯ ಥಿನ್ ಸೆಕ್ಷನ್ (ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿದ ಚೂರು) ಮನೆಯಲ್ಲಿ ಆಗುವ ಕೆಲಸವಲ್ಲ, ಅದರೊಳಗಿನ ಬಿಳಿ ಸಿಎಐಯ (ಕ್ಯಾಲ್ಸಿಯಂ-ಅಲ್ಯೂಮಿನಿಯಂ ತುಂಬಿದ, ಸೌರವ್ಯೂಹದ ಅತಿ ಹಳೆಯ ಚುಕ್ಕೆ) ಅಂಚು ಉದುರಿಹೋಗುತ್ತದೆ ಎಂದವರೇ ಜಾಸ್ತಿ. ಈಗ ನನ್ನ ಸ್ಲೈಡಿನಲ್ಲಿ ಆ ಅಂಚು ಸುಮಾರು ಮುಕ್ಕಾಲು ಸುತ್ತು ಹಾಗೇ ಇದೆ.

ನನಗೆ ಬೇಕಿದ್ದದ್ದೂ ಅದೇ. ನಡುಭಾಗ ಎಲ್ಲರಿಗೂ ಸಿಗುತ್ತದೆ. ಮೆಲಿಲೈಟ್ ಎಂಬ ಖನಿಜದ ಹೊಟ್ಟೆಯಲ್ಲಿ ಸ್ಪಿನೆಲ್ ಎಂಬ ಇನ್ನೊಂದರ ಕಾಳು ಕಂಡರೆ, ಸ್ಪಿನೆಲ್ ಮೊದಲು ಹರಳಾಯಿತು ಎಂದು ಗೊತ್ತಾಗುತ್ತದೆ. ಸುತ್ತಲಿನ ವಾರ್ಕ್-ಲವರಿಂಗ್ ಎಂಬ ತೆಳು ಪದರಗಳು, ಅಂದರೆ ಆ ಅಂಚು, ಮುಂದಿನ ಕಥೆ ಹೇಳುತ್ತವೆ. ಒಳಗಿನ ಭಾಗ ಆದ ಮೇಲೆ ಮತ್ತೆ ಬಿಸಿ ಅನಿಲ ಸೋಕಿದ ಗುರುತು ಅವು. 456.7 ಕೋಟಿ ವರ್ಷ ಉಳಿದು ಬಂದದ್ದು ನನ್ನ ಉಜ್ಜುವ ಎಮೆರಿ ಪುಡಿಗೆ ಬಲಿಯಾಗಬಾರದಲ್ವಾ?

1969ರಲ್ಲಿ ಮೆಕ್ಸಿಕೋದಲ್ಲಿ ಎರಡು ಟನ್ನಿನಷ್ಟು ಸಿಕ್ಕಿದ ಕಲ್ಲು ಇದು. ಹಾಗಾಗಿ ಇನ್ನೂ ಕೈಗೆಟುಕುತ್ತದೆ. ನನ್ನ ಬಿಲ್ಲೆಗೆ ಹದಿನೆಂಟು ಸಾವಿರದ ಹತ್ತಿರ ಬಿತ್ತು. ನೀರು ತಾಗಿದರೆ ಸಲ್ಫೈಡು ತುಕ್ಕು ಕಾರುತ್ತದೆ ಎಂದು ಸೀಮೆಎಣ್ಣೆ ಹಾಕಿ ಕೊಯ್ದೆ. ಎಣ್ಣೆ ರಂಧ್ರಗಳಲ್ಲೇ ಉಳಿಯಿತು, ಎಪಾಕ್ಸಿ ಅಂಟು ಹಿಡಿಯಲಿಲ್ಲ. 400ರ ಪುಡಿಗೆ ಬರುವಷ್ಟರಲ್ಲಿ ಸಿಎಐ ಇಡಿಯಾಗಿ ಕಿತ್ತು ಬಂತು. ಏಳೆಂಟು ಸಾವಿರದ ಮಾಲು ಹೋಯಿತು. ಮಾಡಿಕೊಡುತ್ತೀರಾ ಎಂದು ಒಂದು ಲ್ಯಾಬಿನಲ್ಲಿ ಕೇಳಿದೆ. ಅವರು ಹೇಳಿದ ರೇಟಿಗೆ ಇನ್ನೊಂದು ಬಿಲ್ಲೆಯೇ ಬರುತ್ತಿತ್ತು.

ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಬದಲಾಯಿಸಿದೆ. ಕಿಟಕಿ ತೆರೆದು, ಮೋಟಾರ್ ಇಲ್ಲದೆ, ಕೈಯಲ್ಲೇ ಕೊಯ್ದೆ. ಚೆನ್ನಾಗಿ ಒಣಗಿಸಿ, ಹಳೇ ಫ್ರಿಜ್ಜಿನ ಕಂಪ್ರೆಸರ್‌ನಿಂದ ಗಾಳಿ ಎಳೆದು, ತೆಳು ಎಪಾಕ್ಸಿ ಕುಡಿಸಿದೆ. ಒಂದು ಸಲ ಕುಡಿಸಿದರೆ ಸಾಲದು. ಪುಡಿ ಬದಲಾಯಿಸುವಾಗಲೆಲ್ಲ ಮತ್ತೆ ಕುಡಿಸಬೇಕು. ಎಷ್ಟು ಬಿಸಿಯಲ್ಲಿ, ಯಾವ ಹೊತ್ತಿಗೆ ಗಾಳಿ ಬಿಡಬೇಕು ಎನ್ನುವುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ದಪ್ಪ ನೋಡಲು ಪಕ್ಕದಲ್ಲೇ ಅಡುಗೆಮನೆ ಕಟ್ಟೆಯ ಗ್ರಾನೈಟ್ ಚೂರೊಂದನ್ನು ಅಂಟಿಸಿದ್ದೆ. ಅದರ ಕ್ವಾರ್ಟ್ಸ್ ಸೂಕ್ಷ್ಮದರ್ಶಕದ ಧ್ರುವೀಕೃತ ಬೆಳಕಿನಲ್ಲಿ ಬೂದು-ಬಿಳಿಗೆ ಬಂದಾಗ 30 ಮೈಕ್ರಾನ್ ಎಂದು ನಿಲ್ಲಿಸಿದೆ. ಇದೇ ವಿಧಾನವನ್ನು ಎನ್‌ಡಬ್ಲ್ಯೂಎ 869 ಎಂಬ ಇನ್ನೊಂದು ಉಲ್ಕಾಶಿಲೆಯ ಮೇಲೂ ಸುಮ್ನೆ ಹಾಕಿ ನೋಡಿದೆ. ಅಗ್ಗದ ಗಟ್ಟಿ ಕಲ್ಲು, ಕಾಂಡ್ರೂಲ್ ಎಂಬ ಸಣ್ಣ ಉಂಡೆಗಳು ಗುಂಡಗೆ ನಿಂತವು. ಅದಕ್ಕೆ ಇಷ್ಟೆಲ್ಲ ಎಪಾಕ್ಸಿ ಬೇಕಿರಲಿಲ್ಲ.

ಅಯೆಂಡೆಯ ಸಿಎಐಯಲ್ಲಿ ಮೆಗ್ನೀಸಿಯಂ-26 ಹೆಚ್ಚಾಗಿರುವುದನ್ನು 1976ರಲ್ಲೇ ತೋರಿಸಿದ್ದರು. ವಿಕಿರಣಶೀಲ ಅಲ್ಯೂಮಿನಿಯಂ-26 ಕ್ಷಯಿಸಿ ಉಳಿಸಿದ್ದು ಅದು. ಆ ಅಲ್ಯೂಮಿನಿಯಂನ ಅರ್ಧಾಯುಷ್ಯ ಸುಮಾರು 7 ಲಕ್ಷ ವರ್ಷ ಅಷ್ಟೇ. ಅಂದರೆ ಈ ಬಿಳಿ ಚುಕ್ಕೆ ಹುಟ್ಟಿದಾಗ ಅದಿನ್ನೂ ಮುಗಿದಿರಲಿಲ್ಲ. ನನ್ನ ಚೂರಿನ ಅನಾರ್ಥೈಟ್ ಎಂಬ ಖನಿಜದಲ್ಲೂ ಆ ಮೆಗ್ನೀಸಿಯಂ ಅಳೆಸಬೇಕು, ಅದಕ್ಕೆ ಅಯಾನ್ ಪ್ರೋಬ್ (ಕಲ್ಲಿನ ಮೇಲ್ಮೈಗೆ ನೇರವಾಗಿ ಅಯಾನು ಹಾಯಿಸಿ ಅಳೆಯುವ ಯಂತ್ರ) ಬೇಕು. ಅದಕ್ಕೇ ಸ್ಲೈಡಿಗೆ ಕವರ್ ಗ್ಲಾಸ್ ಅಂಟಿಸಿಲ್ಲ.