ಫ್ರೀ ಲೈಮ್ ಏರಿತೇ? ಕಲ್ಲಿದ್ದಲು ಹೆಚ್ಚಿಸುವ ಮುನ್ನ ಕ್ಲಿಂಕರ್ ಒಡೆದು ನೋಡಿ

ಹಾಸನ, ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮುಗಿಸಿ ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆ ಸೇರುವವರು ಕಂಟ್ರೋಲ್ ರೂಮಿನಲ್ಲಿ ಬೇಗನೆ ಎದುರಿಸುವ ಪ್ರಶ್ನೆ ಇದು: ಲ್ಯಾಬ್‌ನಿಂದ ಫ್ರೀ ಲೈಮ್ ಶೇ 2.5 ಎಂದು ಬಂತು, ಈಗೇನು ಮಾಡುವುದು? ಕೈ ಮೊದಲು ಹೋಗುವುದು ಕಲ್ಲಿದ್ದಲಿನ ಕಡೆಗೆ. ಎಷ್ಟೋ ಸಲ ಅದೇ ತಪ್ಪು.

ಸುಣ್ಣದ ಕಲ್ಲಿನ ಪುಡಿ ಕಿಲ್ನ್ ಎಂಬ ತಿರುಗುವ ಕುಲುಮೆಯಲ್ಲಿ ಬೆಂದು ಕ್ಲಿಂಕರ್ ಉಂಡೆಗಳಾಗುತ್ತದೆ; ಅದನ್ನು ಅರೆದರೆ ಸಿಮೆಂಟ್. ಅಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದರೂ ಬೇರೆ ಖನಿಜಗಳ ಜತೆ ಕೂಡದೆ ಉಳಿದ ಸುಣ್ಣವೇ ಫ್ರೀ ಲೈಮ್. ಸಾಮಾನ್ಯವಾಗಿ ಶೇ 1ರಿಂದ 1.5ರೊಳಗೆ ಇಟ್ಟುಕೊಳ್ಳುತ್ತಾರೆ. ಜಾಸ್ತಿ ಉಳಿದರೆ ಕಾಂಕ್ರೀಟ್ ಗಟ್ಟಿಯಾದ ಮೇಲೆ ನಿಧಾನವಾಗಿ ನೀರು ಕುಡಿದು ಉಬ್ಬಿ ಬಿರುಕು ಬಿಡಿಸುತ್ತದೆ. 0.5ಕ್ಕಿಂತ ಕೆಳಗಿಳಿದರೂ ಖುಷಿಪಡಬೇಡಿ. ಅದು ಅತಿಯಾಗಿ ಬೆಂದ ಕ್ಲಿಂಕರ್. ಅರೆಯಲು ಕಷ್ಟ, ಕಿಲ್ನ್ ಒಳಗೋಡೆಯ ಇಟ್ಟಿಗೆಗೂ ಪೆಟ್ಟು.

ಮೊದಲ ಕೆಲಸ, ಕೂಲರ್‌ನಿಂದ ಬಂದ ನಾಲ್ಕಾರು ಕ್ಲಿಂಕರ್ ಉಂಡೆ ಒಡೆಯುವುದು. ಹುರಿದ ಕಾಫಿ ಬೀಜದ ಹೊರಬಣ್ಣ ನಂಬಬಾರದೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಒಳಗೂ ಕಪ್ಪು ಬೂದು ಬಣ್ಣವಿದ್ದರೆ ಸರಿ. ತಿರುಳು ಕಂದು ಅಥವಾ ಹಳದಿಯಾಗಿದ್ದರೆ ಹೆಚ್ಚಾಗಿ ಗಾಳಿಯ ಕೊರತೆ. ಉರಿಯದ ಕಲ್ಲಿದ್ದಲು ಕ್ಲಿಂಕರ್ ಮೇಲೆ ಬಿದ್ದು ಅದರ ಕಬ್ಬಿಣದ ರೂಪ ಬದಲಾಗಿರುತ್ತದೆ, ಸಿಮೆಂಟಿನ ಬಲ ಇಳಿಯುತ್ತದೆ. ಇಲ್ಲಿ ಕಲ್ಲಿದ್ದಲು ಏರಿಸಿದರೆ ರೋಗ ಉಲ್ಬಣ.

ಹಾಗಾಗಿ ಕಿಲ್ನ್ ಇನ್‌ಲೆಟ್‌ನ (ಪುಡಿ ಒಳಹೋಗುವ ತುದಿಯ) ಆಕ್ಸಿಜನ್ ನೋಡಿ. ಶೇ 2–3 ಇದ್ದು ಕಾರ್ಬನ್ ಮೊನಾಕ್ಸೈಡ್ ಕಾಣದಿದ್ದರೆ ಗಾಳಿ ಸಾಕು. ಕಡಿಮೆಯಿದ್ದರೆ ಕಿಲ್ನ್ ಮೂಲಕ ಗಾಳಿ ಎಳೆಯುವ ಐಡಿ ಫ್ಯಾನ್ ಏರಿಸುವುದು ಮೊದಲು, ಕಲ್ಲಿದ್ದಲು ಆಮೇಲೆ. ಇಳಿಸುವಾಗ ತಿರುಗುಮುರುಗು: ಮೊದಲು ಕಲ್ಲಿದ್ದಲು, ನಂತರ ಗಾಳಿ. ಈ ಕ್ರಮ ತಪ್ಪಿಸಲೇಬೇಡಿ. ಇಎಸ್‌ಪಿ (ಹೊಗೆಯ ಧೂಳನ್ನು ವಿದ್ಯುತ್ತಿನಿಂದ ಹಿಡಿಯುವ ಯಂತ್ರ) ಇರುವ ಕಡೆ ಕಾರ್ಬನ್ ಮೊನಾಕ್ಸೈಡ್ ಸೇರಿಕೊಂಡರೆ ಸ್ಫೋಟದ ಅಪಾಯವಿದೆ.

ಗಾಳಿ ಸರಿಯಿದ್ದರೆ ರಾ ಮೀಲ್ (ಕಿಲ್ನ್‌ಗೆ ಹಾಕುವ ಕಚ್ಚಾ ಪುಡಿ) ವರದಿ ತೆಗೆಯಿರಿ. ಪುಡಿಯಲ್ಲಿ ಸುಣ್ಣದ ಪ್ರಮಾಣ ತೋರಿಸುವ ಎಲ್‌ಎಸ್‌ಎಫ್ 98 ದಾಟಿದೆಯೇ? ಸಿಲಿಕಾ ಮಾಡ್ಯುಲಸ್ (ಅಲ್ಯುಮಿನಾ, ಕಬ್ಬಿಣಕ್ಕೆ ಹೋಲಿಸಿದರೆ ಸಿಲಿಕಾ ಎಷ್ಟೆಂಬ ಅನುಪಾತ) 2.8ಕ್ಕಿಂತ ಮೇಲಿದೆಯೇ? ಮೊದಲನೆಯದಾದರೆ ಕೂಡಲಾಗದಷ್ಟು ಸುಣ್ಣ; ಎರಡನೆಯದಾದರೆ ಕಿಲ್ನ್ ಒಳಗೆ ಕರಗಿದ ದ್ರವ ಕಡಿಮೆಯಾಗಿ ಉಂಡೆ ಕಟ್ಟದು, ಕ್ಲಿಂಕರ್ ಪುಡಿಪುಡಿ. 90 ಮೈಕ್ರಾನ್ ಜರಡಿಯ ಶೇಷ ಎಂದಿಗಿಂತ ಏರಿದ್ದರೆ ದಪ್ಪ ಮರಳು ಕಾಳೇ ಕಾರಣವಿರಬಹುದು. ಇದಕ್ಕೆ ಮದ್ದು ರಾ ಮಿಲ್‌ನಲ್ಲಿದೆ, ಬರ್ನರ್‌ನಲ್ಲಿ ಅಲ್ಲ.

ಇವೆರಡೂ ಸರಿಯಿದ್ದು, ಕಿಲ್ನ್ ಆಂಪ್ಸ್ (ಅದನ್ನು ತಿರುಗಿಸುವ ಮೋಟಾರ್ ಎಳೆಯುವ ವಿದ್ಯುತ್) ಮತ್ತು ಬಿಸಿ ಹೆಚ್ಚಿದಷ್ಟೂ ಏರುವ ನೈಟ್ರೋಜನ್ ಆಕ್ಸೈಡ್ ಎರಡೂ ಇಳಿಯುತ್ತಿದ್ದು, ಲೀಟರ್ ತೂಕವೂ (ಒಂದು ಲೀಟರ್ ಅಳತೆಯ ಕ್ಲಿಂಕರ್ ತೂಕ) 1200 ಗ್ರಾಂಗಿಂತ ಕೆಳಗಿದ್ದರೆ ಕಿಲ್ನ್‌ನ ಅತಿ ಬಿಸಿ ಭಾಗವಾದ ಬರ್ನಿಂಗ್ ಜೋನ್ ನಿಜಕ್ಕೂ ತಣ್ಣಗಾಗುತ್ತಿದೆ. ಆಗ ಫೀಡ್ ಮತ್ತು ಕಿಲ್ನ್ ವೇಗವನ್ನು ಒಂದೇ ಅನುಪಾತದಲ್ಲಿ ಶೇ 5–10 ಇಳಿಸಿ, ಗಾಳಿಗೆ ತಕ್ಕಂತೆ ಕಲ್ಲಿದ್ದಲು ಸರಿಪಡಿಸಿ. ಫೀಡ್ ಹಾಗೇ ಬಿಟ್ಟು ವೇಗವನ್ನಷ್ಟೇ ಇಳಿಸಿದರೆ ಕಿಲ್ನ್ ಒಳಗೆ ಸರಕು ತುಂಬಿಕೊಳ್ಳುತ್ತದೆ.

ಲ್ಯಾಬ್ ಅಂಕಿ ಆ ಕ್ಷಣದ್ದಲ್ಲ, ಆಗಲೇ ಕೂಲರ್ ದಾಟಿಹೋದ ಕ್ಲಿಂಕರ್‌ನದು. ಒಂದು ಬದಲಾವಣೆ ಮಾಡಿ, ಮುಂದಿನ ಸ್ಯಾಂಪಲ್ ಬರುವವರೆಗೆ ಆಂಪ್ಸ್ ನೋಡುತ್ತಿರಿ.