ನಾನ್ ಮೆತ್ತಗಾಗಲು ಹಿಟ್ಟಿನ ಹದ

ಪಂಜಾಬ್, ದೆಹಲಿಯ ಕಡೆ ತಂದೂರಿನಿಂದ ತೆಗೆದ ನಾನ್ ಅಷ್ಟು ಮೆತ್ತಗಿರುವಾಗ ಮನೆಯಲ್ಲಿ ಮಾಡಿದ್ದು ಆರುತ್ತಲೇ ನಾರಿನಂತಾಗುವುದೇಕೆ ಎಂದು ಕೇಳುವವರು ಸಾಮಾನ್ಯವಾಗಿ ಒಲೆಯನ್ನು ದೂರುತ್ತಾರೆ. ದೋಷವಿರುವುದು ಹೆಚ್ಚಾಗಿ ಹಿಟ್ಟಿನಲ್ಲಿ. ನಾನ್ ಹಿಟ್ಟು ಚಪಾತಿ ಹಿಟ್ಟಿಗಿಂತ ಸಡಿಲವಾಗಿದ್ದು, ಕೈಗೆ ತುಸು ಅಂಟುವಂತಿರಬೇಕು.

ಒಂದು ಚಿಕ್ಕ ಚಮಚ ಒಣ ಯೀಸ್ಟನ್ನು ಅಷ್ಟೇ ಸಕ್ಕರೆಯೊಂದಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ನೊರೆ ಬಂದ ಮೇಲೆ ಎರಡು ಲೋಟ ಮೈದಾಕ್ಕೆ ಸುರಿಯಿರಿ. ನೀರು ಬಿಸಿಯಾಗಿದ್ದರೆ ಯೀಸ್ಟ್ ಸಾಯುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ಹಿಟ್ಟು ಏಳುವುದಿಲ್ಲ. ಕಾಲು ಲೋಟ ಮೊಸರು, ರುಚಿಗೆ ಉಪ್ಪು, ಒಂದು ಚಮಚ ಎಣ್ಣೆ ಸೇರಿಸಿ, ಬೇಕಾದಷ್ಟೇ ನೀರು ಚಿಮುಕಿಸಿಕೊಳ್ಳುತ್ತಾ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಈ ನಾದುವಿಕೆಯಿಂದಲೇ ಮೈದಾಕ್ಕೆ ಜಿಗುಟು ಬಂದು, ಹುದುಗುವಾಗ ಹುಟ್ಟುವ ಗಾಳಿ ಒಳಗೇ ನಿಲ್ಲುತ್ತದೆ. ಒದ್ದೆ ಬಟ್ಟೆ ಮುಚ್ಚಿ, ಹಿಟ್ಟು ಎರಡರಷ್ಟು ಆಗುವವರೆಗೆ ಬಿಡಿ. ಸೆಕೆಗಾಲದಲ್ಲಿ ಒಂದು ಗಂಟೆ ಸಾಕು, ಚಳಿಗಾಲದಲ್ಲಿ ಎರಡಾದರೂ ಬೇಕು. ಅವಸರಕ್ಕೆ ಸೋಡಾ ಹಾಕುವ ರೂಢಿಯೂ ಇದೆ. ಮೊಸರಿನ ಹುಳಿಯೊಂದಿಗೆ ಸೇರಿ ಅದು ಹಿಟ್ಟನ್ನು ಉಬ್ಬಿಸುತ್ತದೆ ನಿಜ, ಆದರೆ ನಿಧಾನವಾಗಿ ಹುದುಗಿದ ಹಿಟ್ಟಿನ ಪರಿಮಳ ಅದರಿಂದ ಬರುವುದಿಲ್ಲ.

ತಂದೂರಿನವರು ತಟ್ಟಿದ ಹಿಟ್ಟನ್ನು ಬಟ್ಟೆಯ ಗದ್ದಿಯ ಮೇಲೆ ಹರವಿ, ಕಾದ ಒಳಗೋಡೆಗೆ ಒತ್ತಿ ಅಂಟಿಸುತ್ತಾರೆ. ಮನೆಯಲ್ಲಿ ಆ ಗೋಡೆಯ ಕೆಲಸವನ್ನು ಕಬ್ಬಿಣದ ಕಾವಲಿ ಮಾಡುತ್ತದೆ. ಉಂಡೆಯನ್ನು ಕೈಯಿಂದಲೇ ತಟ್ಟಿ, ಒಂದು ಕಡೆ ಮೆಲ್ಲಗೆ ಎಳೆದು ಉದ್ದ ಮಾಡಿ, ಮೇಲೆ ಕಲೋಂಜಿ ಎಂಬ ಸಣ್ಣ ಕಪ್ಪು ಬೀಜಗಳನ್ನು ಒತ್ತಿ, ಕೆಳಮೈಗೆ ಧಾರಾಳವಾಗಿ ನೀರು ಸವರಿ, ಚೆನ್ನಾಗಿ ಕಾದ ಕಾವಲಿಗೆ ಹಾಕಿರಿ. ಮೇಲೆ ಗುಳ್ಳೆಗಳೆದ್ದ ಕೂಡಲೇ ಹಿಡಿಕೆ ಹಿಡಿದು ಕಾವಲಿಯನ್ನು ಬೋರಲು ಮಾಡಿ ಉರಿಗೆ ತೋರಿಸಿದರೆ, ನಾನ್ ಬೀಳದೆ ಅಲ್ಲಲ್ಲಿ ಕಂದುಚುಕ್ಕೆಗಳಾಗಿ ಬೇಯುತ್ತದೆ. ನಾನ್‌ಸ್ಟಿಕ್ ಕಾವಲಿಯನ್ನು ದಯವಿಟ್ಟು ಇದಕ್ಕೆ ಬಳಸಬೇಡಿ, ಅದಕ್ಕೆ ಹಿಟ್ಟು ಅಂಟುವುದೂ ಇಲ್ಲ, ನೇರ ಉರಿಗೆ ಅದರ ಲೇಪವೂ ಕೆಡುತ್ತದೆ.

ಬೆಂದದ್ದಕ್ಕೆ ಬೆಣ್ಣೆ ಸವರಿ, ಒಂದರ ಮೇಲೊಂದಿಟ್ಟು ಬಟ್ಟೆಯಲ್ಲಿ ಸುತ್ತಿಡಿ. ಹುದುಗಿದ ಹಿಟ್ಟಿನಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆಯೊಂದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ, ಮರುದಿನದ ಹಿಟ್ಟಿಗೆ ಅದೇ ಖಮೀರು, ಅಂದರೆ ಹಿಟ್ಟನ್ನು ಹುದುಗಿಸುವ ಹೆಪ್ಪು. ಹಾಗೆ ಕಲಸಿದ್ದು ಏಳಲು ಹೆಚ್ಚು ಹೊತ್ತು ಹಿಡಿಯುವುದರಿಂದ ರಾತ್ರಿಯೇ ಕಲಸಿಡುವುದು ಒಳ್ಳೆಯದು.